ಉಪ್ಪಿನಕಾಯಿ ಬಾಟಲಿಯ ಜಟ್ಟಿ

ಮೊದಲು ಚಿನ್ನದ ಬಣ್ಣದ ಮೀನಿನ ವಿಷಯ ಹೇಳಿಬಿಡುತ್ತೇನೆ. ಮಗಳು ಮೂರನೇ ಕ್ಲಾಸಿನಲ್ಲಿದ್ದಾಗ ಅವಳ ಗೋಲ್ಡ್‌ಫಿಷ್ ಸತ್ತುಹೋಯಿತು. ಅವಳು ಸ್ಕೂಲಿನಿಂದ ಬರುವಷ್ಟರಲ್ಲಿ ನಾನು ಅಂಗಡಿಗೆ ಓಡಿ ಅದೇ ಅಳತೆಯ, ಅದೇ ಬಣ್ಣದ ಇನ್ನೊಂದನ್ನು ತಂದು ನೀರಿಗೆ ಬಿಟ್ಟೆ. ಅವಳಿಗೆ ಗೊತ್ತಾಗಲಿಲ್ಲ. ಹೈಸ್ಕೂಲಿಗೆ ಬಂದ ಮೇಲೆ ಒಂದು ದಿನ ಮಾತಿಗೆ ಮಾತು ಬಂದು ನಾನೇ ಹೇಳಿಬಿಟ್ಟೆ. ನನ್ನ ನೆನಪಿನಲ್ಲಿ ಆಗ ನಾವಿಬ್ಬರೂ ನಕ್ಕೆವು. ಅವಳ ನೆನಪಿನಲ್ಲಿ ನಾನೊಬ್ಬಳೇ ನಕ್ಕೆ.

ಇದನ್ನು ಪರೀಕ್ಷಿಸಲು ಆ ವರ್ಷದ ಡೈರಿ ತೆಗೆದು ನೋಡಿದೆ. ಇತಿಹಾಸದಲ್ಲಿ ಎಂ.ಎ. ಮಾಡಿದವಳು ನಾನು; ನೆನಪು ಒಂದು ಆಕರವಲ್ಲ, ಬರಹ ಆಕರ ಎಂದು ನಮಗೆ ಹೇಳಿಕೊಟ್ಟಿದ್ದರು. ಡೈರಿಯಲ್ಲಿ ಇದ್ದದ್ದು ಇಷ್ಟೇ: ‘ಮಗಳಿಗೆ ಮೀನಿನ ವಿಷಯ ಹೇಳಿದೆ. ಸಂಜೆ ಅಕ್ಕಿರೊಟ್ಟಿ.’ ಯಾರು ನಕ್ಕರು ಎಂಬುದಿಲ್ಲ. ರೊಟ್ಟಿಯ ವಿಷಯವನ್ನು ಮಾತ್ರ ಚರಿತ್ರೆಗೆ ಉಳಿಸಿದ್ದೇನೆ.

ಹಾಗಾಗಿ ಕಳೆದ ಆಗಸ್ಟ್‌ನಲ್ಲಿ ಮಗಳು ತನ್ನ ಬೆಟ್ಟಾ ಎಂಬ ಫೈಟರ್ ಮೀನನ್ನು ವಿಕ್ಸಮ್ ಊರಿನ ನಮ್ಮ ಮನೆಗೆ ತಂದು ಬಿಟ್ಟಾಗ, ಅವಳ ಷರತ್ತು ಎಲ್ಲಿಂದ ಬಂತು ಎಂದು ನಾನು ಕೇಳಬೇಕಾಗಿರಲಿಲ್ಲ. ಅವಳು ಷಿಕಾಗೋದಲ್ಲಿ ಕಾಲೇಜು ಎರಡನೇ ವರ್ಷ. ಹೊಸ ಅಪಾರ್ಟ್‌ಮೆಂಟಿನ ರೂಮ್‌ಮೇಟ್ ಬೆಕ್ಕು ಸಾಕಿದ್ದಾಳೆ. ಒಂದೇ ಮನೆಯಲ್ಲಿ ಬೆಕ್ಕು, ಮೀನು ಬೇಡ ಎಂದು ಐದು ಗಂಟೆ ಡ್ರೈವ್ ಮಾಡಿಕೊಂಡು, ಪಕ್ಕದ ಸೀಟಿನಲ್ಲಿ ಮೀನಿಗೆ ಸೀಟ್ ಬೆಲ್ಟ್ ಹಾಕಿಕೊಂಡು ಬಂದಳು. ಊಟದ ಕೋಣೆಯ ಮೂಲೆಯಲ್ಲಿ ಗಾಜಿನ ತೊಟ್ಟಿ ಇಟ್ಟು, ಹೀಟರ್ ಜೋಡಿಸಿ, ಪಕ್ಕದ ಗೋಡೆಗೆ ಒಂದು ಹಾಳೆ ಅಂಟಿಸಿದಳು. ನೀರು ಎಪ್ಪತ್ತೆಂಟರಿಂದ ಎಂಬತ್ತು ಡಿಗ್ರಿ ಫ್ಯಾರನ್‌ಹೀಟ್ ಇರಬೇಕು. ಬೆಳಿಗ್ಗೆ ಎರಡು ಕಾಳು, ಸಂಜೆ ಎರಡು ಕಾಳು, ವಾರಕ್ಕೊಂದು ದಿನ ಉಪವಾಸ. ಪ್ರತಿ ಭಾನುವಾರ ಒಂದು ಫೋಟೋ.

ಹಾಳೆಯಲ್ಲಿ ಇಲ್ಲದ ಷರತ್ತನ್ನು ಬಾಗಿಲಲ್ಲಿ ನಿಂತು ಹೇಳಿದಳು.

‘ಅಮ್ಮಾ, ಇವನು ಸತ್ತರೆ ನನಗೆ ಫೋನ್ ಮಾಡಿ ಹೇಳು. ನಾನು ಅಳ್ತೀನಿ, ಪರವಾಗಿಲ್ಲ. ಆದರೆ ಅಂಗಡಿಗೆ ಮಾತ್ರ ಹೋಗಬೇಡ. ಇನ್ನೊಂದು ಸಲ ಹಾಗೆ ಮಾಡಿದ್ರೆ, ಆಮೇಲೆ ನೀನು ಹೇಳೋ ಯಾವುದನ್ನೂ ನಾನು ನಂಬಲ್ಲ.’

ಅವಳು ಇದನ್ನು ಹೇಳಿದ್ದು ಇಂಗ್ಲಿಷಿನಲ್ಲಿ. ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕೊನೆಯ ವಾಕ್ಯ ಅಷ್ಟು ಕಟುವಾಗಿತ್ತೋ, ನನ್ನ ಅನುವಾದ ಕಟುವಾಗಿದೆಯೋ ಹೇಳಲಾರೆ. ಪ್ರಾಮಿಸ್ ಎಂದೆ. ಅದು ಮಾತ್ರ ಎರಡೂ ಭಾಷೆಯಲ್ಲಿ ಒಂದೇ.

ಮೀನು ಹೆಚ್ಚುಕಡಿಮೆ ನನ್ನ ಹೆಬ್ಬೆರಳಿನಷ್ಟು. ಮೈಯೆಲ್ಲ ಹಾಲಿನ ಬಿಳುಪು, ಬಾಲದ ತುದಿಯಲ್ಲಿ ಮಾತ್ರ ಯಾರೋ ಪೆನ್ನು ಒದರಿದಂತೆ ನೀಲಿ. ರೇಷ್ಮೆ ಸೀರೆಯ ಸೆರಗನ್ನು ಎಳೆದುಕೊಂಡು ಮದುವೆ ಮನೆಯಲ್ಲಿ ಓಡಾಡುವವರ ಹಾಗೆ ಬಾಲವನ್ನು ಹೊತ್ತು ತಿರುಗುತ್ತಿತ್ತು. ನೋಡಿದರೆ ಸಾಧು. ಆದರೆ ಗಾಜಿನಲ್ಲಿ ತನ್ನದೇ ನೆರಳು ಕಂಡ ತಕ್ಷಣ ಕಿವಿರಿನ ಮುಚ್ಚಳಗಳನ್ನು ಎರಡೂ ಕಡೆ ಬಿಚ್ಚಿ, ರೆಕ್ಕೆಗಳನ್ನೆಲ್ಲ ನಿಮಿರಿಸಿ, ಇದ್ದದ್ದಕ್ಕಿಂತ ಎರಡರಷ್ಟಾಗಿ ನಿಲ್ಲುತ್ತಿತ್ತು.

ಆರು ತಿಂಗಳಿಗೆಂದು ಮೈಸೂರಿನಿಂದ ಬಂದಿದ್ದ ಅತ್ತೆ ಅದನ್ನು ಮೊದಲ ಸಲ ನೋಡಿ, ‘ಅಯ್ಯಯ್ಯೋ, ಜಟ್ಟಿ ಕಣೇ ಇವನು! ತೊಡೆ ತಟ್ಟೋದೊಂದು ಬಾಕಿ’ ಎಂದರು. ಅವರು ಚಿಕ್ಕವರಿದ್ದಾಗ ದಸರಾದಲ್ಲಿ ಜಟ್ಟಿಗಳ ಕಾಳಗ ನೋಡಲು ಅಪ್ಪನ ಹೆಗಲೇರಿ ಹೋಗುತ್ತಿದ್ದರಂತೆ. ಮಗಳು ಮೀನಿಗೆ ಬೇರೇನೋ ಹೆಸರಿಟ್ಟಿದ್ದಳು. ಅದು ಯಾರ ಬಾಯಲ್ಲೂ ನಿಲ್ಲಲಿಲ್ಲ. ಅವತ್ತಿನಿಂದ ಅವನು ಜಟ್ಟಿ.

ಜಟ್ಟಿಯ ಊಟ ಅತ್ತೆಗೆ ಬಗೆಹರಿಯದ ಸಮಸ್ಯೆಯಾಯಿತು. ಡಬ್ಬಿಯ ಹಿಂದೆ ಬರೆದದ್ದನ್ನು ನಾನು ಓದಿ ಹೇಳಿದೆ: ಮೀನಿನ ಪುಡಿ, ಸೀಗಡಿ ಪುಡಿ, ಹುಳು.

‘ಮೀನಿಗೆ ಮೀನೇ ತಿನ್ನಿಸ್ತಾರೇನೇ?’

‘ಅವನು ಮಾಂಸಾಹಾರಿ ಅತ್ತೆ. ಅವರೂರಿನ ಗದ್ದೆ ನೀರಲ್ಲಿ ಸೊಳ್ಳೆ ಮರಿ ಹಿಡಿದು ತಿನ್ನೋ ಜಾತಿ.’

‘ಅಲ್ಲಿ ತಿನ್ಲಿ. ಇಲ್ಲಿ ಪಕ್ಕದಲ್ಲೇ ದೇವರ ಮನೆ ಇದೆ. ಭತ್ತದ ಗದ್ದೆಯೋನು ಅಂದ್ಮೇಲೆ ಅನ್ನ ತಿನ್ನದೇ ಇರ್ತಾನಾ?’

ಒಂದು ಅಗುಳು ಹಾಕಿದರು. ಜಟ್ಟಿ ಬಾಯಿಗೆ ಹಾಕಿಕೊಂಡ, ಉಗಿದ. ಮತ್ತೆ ಹಾಕಿಕೊಂಡ, ಮತ್ತೆ ಉಗಿದ. ಮಗಳು ಒಮ್ಮೆ ಕಿನೋವಾ ಉಪ್ಪಿಟ್ಟು ಮಾಡಿ ಬಡಿಸಿದಾಗ ಅತ್ತೆ ಮಾಡಿದ್ದೂ ಇದನ್ನೇ. ಅವರು ಕರವಸ್ತ್ರ ಬಳಸಿದ್ದರು, ಅಷ್ಟೇ ವ್ಯತ್ಯಾಸ. ಮೂರನೇ ದಿನ ಅತ್ತೆ ಸೋತರು. ಅವನ ಹೊಟ್ಟೆ ಅವನ ಕಣ್ಣಿನಷ್ಟೇ ದೊಡ್ಡದು ಎಂದು ಮಗಳು ಫೋನಿನಲ್ಲಿ ಹೇಳಿದ್ದನ್ನು ಕೇಳಿ ಮೆತ್ತಗಾದರು. ‘ಪಾಪ, ಕಣ್ಣಷ್ಟು ಹೊಟ್ಟೆಗೆ ಎಷ್ಟು ಪಾಪ ಹಿಡಿಸುತ್ತೆ’ ಎಂದು, ದೇವರ ಮನೆಯ ಬಾಗಿಲು ಮುಂದಕ್ಕೆಳೆದು, ಚಮಚದಲ್ಲಿ ಕಾಳು ಹಾಕತೊಡಗಿದರು. ಆದರೆ ವಾರಕ್ಕೊಂದು ಉಪವಾಸ ಎಂಬುದನ್ನು ಕೇಳಿ ಅವರ ಮುಖ ಅರಳಿತು. ವಾರದ ಉಪವಾಸ ಶನಿವಾರ ಎಂದು ತಾವೇ ಗೊತ್ತುಮಾಡಿದರು. ಏಕಾದಶಿಯನ್ನು ಹೆಚ್ಚುವರಿಯಾಗಿ ಸೇರಿಸಿದರು. ಇದನ್ನು ಮಗಳಿಗೆ ಹೇಳಲಿಲ್ಲ. ಜಟ್ಟಿಗೆ ಇದರಿಂದ ಏನೂ ತೊಂದರೆಯಾಗಲಿಲ್ಲ. ಉಪವಾಸದ ಮಾರನೆಯ ದಿನ ಅವನು ಅತ್ತೆಗಿಂತ ಚುರುಕಾಗಿರುತ್ತಿದ್ದ.

ಇನ್ನು ಫೋಟೋ. ಇದನ್ನು ಬರೆಯುವಾಗ ಕೈ ತಡೆಯುತ್ತದೆ.

ಬೆಟ್ಟಾ ಮೀನಿನ ಫೋಟೋ ತೆಗೆಯುವುದು, ಮದುವೆಯಲ್ಲಿ ಎರಡು ವರ್ಷದ ಮಗುವಿನ ಫೋಟೋ ತೆಗೆದಂತೆ. ನಾವು ಬಟನ್ ಒತ್ತುವಷ್ಟರಲ್ಲಿ ಬಾಲ ಮಾತ್ರ ಇರುತ್ತದೆ. ಗಣೇಶನ ಹಬ್ಬದ ವಾರದಲ್ಲಿ ಒಂದು ಮಧ್ಯಾಹ್ನ ಬೆಳಕು ಚೆನ್ನಾಗಿತ್ತು, ಜಟ್ಟಿಯೂ ಏಕೋ ದೊಡ್ಡ ಮನಸ್ಸು ಮಾಡಿ ನಿಂತ. ಇಪ್ಪತ್ತೇಳು ಫೋಟೋ ತೆಗೆದೆ. ಒಂದನ್ನು ಆ ಭಾನುವಾರ ಕಳಿಸಿದೆ. ಮುಂದಿನ ಭಾನುವಾರ ಮನೆಗೆ ಜನ ಬಂದಿದ್ದರು. ಇಪ್ಪತ್ತೇಳರಲ್ಲಿ ಇನ್ನೊಂದನ್ನು ಕಳಿಸಿದೆ. ಅದೇ ಮೀನು, ಅದೇ ನೀರು, ಏಳು ದಿನದಲ್ಲಿ ಏನು ಮಹಾ ವ್ಯತ್ಯಾಸ ಅನ್ನಿಸಿತು. ಅದರ ಮುಂದಿನ ಭಾನುವಾರ ಜನ ಯಾರೂ ಬಂದಿರಲಿಲ್ಲ. ಆದರೂ ಕಳಿಸಿದ್ದು ಇಪ್ಪತ್ತೇಳರಲ್ಲಿ ಒಂದು. ಮಗಳು ಪ್ರತಿ ಸಲವೂ ಮೂರು ಹೃದಯ ಕಳಿಸುತ್ತಿದ್ದಳು. ನನ್ನ ಡೈರಿಯಲ್ಲಿ ಪ್ರತಿ ಭಾನುವಾರವೂ ಒಂದು ವಾಕ್ಯವಿದೆ: ‘ಮೀನಿನ ಫೋಟೋ ಕಳಿಸಿದೆ.’ ಓದುವ ಯಾವ ಇತಿಹಾಸಕಾರನೂ ಇದನ್ನು ಸುಳ್ಳು ಎನ್ನಲಾರ.

ವಿಡಿಯೋ ಕಾಲ್ ಇತ್ತಲ್ಲ ಎಂದು ಕೇಳಬಹುದು. ವಿಡಿಯೋ ಕಾಲಿನಲ್ಲಿ ಫೋನ್ ಹಿಡಿಯುವವರು ಅತ್ತೆ. ಆ ಮೂರು ತಿಂಗಳಲ್ಲಿ ಮಗಳು ನೋಡಿದ್ದು ನಮ್ಮ ಮನೆಯ ಸೀಲಿಂಗ್ ಮತ್ತು ಅತ್ತೆಯ ಬಲಗಿವಿಯ ಓಲೆ.

ನವೆಂಬರ್‌ನ ಒಂದು ಶನಿವಾರ ಬೆಳಿಗ್ಗೆ ಗಾಳಿ ಬೀಸಿ ನಮ್ಮ ಬಡಾವಣೆಗೆಲ್ಲ ಕರೆಂಟ್ ಹೋಯಿತು. ಅದೇ ದಿನ ಮಧ್ಯಾಹ್ನ ಪಕ್ಕದ ಊರಾದ ನೋವೈನ ಒಂದು ಸ್ಕೂಲಿನ ಕೆಫೆಟೇರಿಯಾದಲ್ಲಿ ನಮ್ಮ ಕನ್ನಡ ಬಳಗದ ರಾಜ್ಯೋತ್ಸವ. ಮನೆಗೊಂದು ಅಡುಗೆ, ನಮ್ಮ ಪಾಲಿಗೆ ಇಪ್ಪತ್ತು ಜನರ ಪುಳಿಯೋಗರೆ. ಗ್ಯಾಸ್ ಒಲೆಯನ್ನು ಕಡ್ಡಿ ಗೀರಿ ಹಚ್ಚಿ ನಾನು ಅನ್ನ ಮಾಡುತ್ತಿದ್ದೆ. ಮನೆಯೊಳಗೆ ಐವತ್ತೆಂಟು ಡಿಗ್ರಿಗೆ ಇಳಿದಿತ್ತು. ತೊಟ್ಟಿಯ ಹೀಟರ್ ಸತ್ತು, ನೀರು ಎಪ್ಪತ್ತಕ್ಕೆ ಬಂದಿತ್ತು. ಜಟ್ಟಿ ತಳಕ್ಕೆ ಹೋಗಿ ಒಂದು ಎಲೆಯ ಮೇಲೆ ಒರಗಿಕೊಂಡ.

ನನ್ನ ಗಂಡ ಆಬರ್ನ್ ಹಿಲ್ಸ್‌ನಲ್ಲಿ ಕಾರು ಕಂಪನಿಯ ಎಂಜಿನಿಯರ್. ಇಂಥ ಹೊತ್ತಿನಲ್ಲಿ ಅವರಿಗೆ ಉತ್ಸಾಹ ಬರುತ್ತದೆ. ಒಂದು ಹಾಳೆ ತೆಗೆದುಕೊಂಡು, ಗಂಟೆಗೆ ಎಷ್ಟು ಡಿಗ್ರಿ ಇಳಿಯುತ್ತದೆ ಎಂದು ಲೆಕ್ಕ ಹಾಕಿ, ‘ಸಂಜೆ ಹೊತ್ತಿಗೆ ಅರವತ್ತು. ಬ್ಯಾಟರಿ ಪ್ಯಾಕ್ ಆದ್ರೆ ನಾವು ಸುತ್ತ ಇನ್ಸುಲೇಷನ್ ಹಾಕ್ತೀವಿ’ ಎಂದರು.

ಆಗ ಹಾಟ್ ಬಾಕ್ಸ್ ಎಂಬ ಮಾತು ಬಂತು. ಅದನ್ನು ಆಡಿದ್ದು ಗಂಡ ಎಂದು ನನ್ನ ನೆನಪು. ನಾನು ಎಂದು ಅವರ ನೆನಪು. ಅತ್ತೆಯ ಪ್ರಕಾರ ಇಬ್ಬರೂ ಒಟ್ಟಿಗೇ ಕೂಗಿದೆವು, ‘ಇಷ್ಟು ವರ್ಷದಲ್ಲಿ ನೀವಿಬ್ಬರೂ ಒಂದು ಮಾತಿಗೆ ಬಂದದ್ದು ಅದೊಂದೇ ಸಲ’. ಡೈರಿಯಲ್ಲಿರುವುದು ‘ಮೀನನ್ನು ಹಾಟ್ ಬಾಕ್ಸ್‌ನಲ್ಲಿ ಇಟ್ಟೆವು’ ಎಂದು. ತಪ್ಪು ಮಾಡಿದ ದಿನಗಳಲ್ಲೆಲ್ಲ ನನ್ನ ಡೈರಿ ಬಹುವಚನಕ್ಕೆ ಹೋಗುತ್ತದೆ.

ನಮ್ಮಲ್ಲಿ ಎರಡು ದೊಡ್ಡ ಹಾಟ್ ಬಾಕ್ಸ್‌ಗಳಿವೆ. ಒಂದೇ ಸಲ ಕೊಂಡವು, ಒಂದೇ ಮೆರೂನ್ ಬಣ್ಣ, ಒಂದೇ ಹೂವಿನ ಚಿತ್ರ. ಉಪ್ಪಿನಕಾಯಿಯ ದೊಡ್ಡ ಗಾಜಿನ ಬಾಟಲಿಯನ್ನು ಬಿಸಿನೀರಿನಲ್ಲಿ ಆರು ಸಲ ತೊಳೆದು, ತೊಟ್ಟಿಯದೇ ನೀರಿಗೆ ಹದವಾಗಿ ಬೆಚ್ಚಗಿನ ನೀರು ಬೆರೆಸಿ, ಜಟ್ಟಿಯನ್ನು ಅದರೊಳಗೆ ಬಿಟ್ಟೆವು. ಕಂಠದವರೆಗೆ ತುಂಬಲಿಲ್ಲ. ಈ ಜಾತಿಗೆ ಕಿವಿರು ಸಾಲದು. ತಲೆಯೊಳಗೆ ಗಾಳಿ ಹೀರುವ ಇನ್ನೊಂದು ಅಂಗವಿದೆ. ಆಗಾಗ ಮೇಲೆ ಬಂದು ನಮ್ಮ ನಿಮ್ಮ ಹಾಗೆ ಉಸಿರೆಳೆದುಕೊಂಡು ಹೋಗಲೇಬೇಕು. ನಿಂತ ನೀರಿನಲ್ಲೂ ಅವು ಬದುಕುವುದು ಅದರಿಂದಲೇ. ಬಾಟಲಿಯ ಮುಚ್ಚಳಕ್ಕೆ ತೂತು ಹೊಡೆದು, ಸುತ್ತ ಟವೆಲ್ ಸುತ್ತಿ, ಹಾಟ್ ಬಾಕ್ಸ್‌ನಲ್ಲಿ ನಿಲ್ಲಿಸಿ, ಅದರ ಮುಚ್ಚಳವನ್ನು ಸಂದಿ ಬಿಟ್ಟು ಇಟ್ಟೆವು. ಇನ್ನೊಂದು ಬಾಕ್ಸ್‌ನಲ್ಲಿ ಪುಳಿಯೋಗರೆ.

ಚಳಿಗೆ ಹೊರಗೆ ಬರಲಾರೆ ಎಂದು ಅತ್ತೆ ಮನೆಯಲ್ಲೇ ಉಳಿದರು. ಸೋಫಾದ ಮೇಲೆ ತಮ್ಮ ಪಕ್ಕದಲ್ಲಿ ಹಾಟ್ ಬಾಕ್ಸ್ ಇಟ್ಟುಕೊಂಡು, ಅದಕ್ಕೂ ತಮಗೂ ಒಂದೇ ಕಂಬಳಿ ಹೊದ್ದುಕೊಂಡರು.

‘ಮುಚ್ಚಳ ತೆಗೀಬೇಡಮ್ಮ, ಬಿಸಿ ಹೋಗ್ಬಿಡುತ್ತೆ’ ಎಂದು ಗಂಡ ಹೇಳಿದರು.

‘ನಾನ್ಯಾಕೆ ತೆಗೀಲಿ? ನಿನ್ನನ್ನ ಸಾಕಿಲ್ವಾ ನಾನು?’

ರಾಜ್ಯೋತ್ಸವದಲ್ಲಿ ನಾಡಗೀತೆಯಾಯಿತು, ಭಾಷಣವಾಯಿತು. ಬಳಗದ ಇಬ್ಬರು ಮಾಜಿ ಅಧ್ಯಕ್ಷರು ಎಂದಿನಂತೆ ಸಭಾಂಗಣದ ಎರಡು ತುದಿಗಳಲ್ಲಿ ಕೂತು, ಒಬ್ಬರ ಕಣ್ಣಿಗೆ ಇನ್ನೊಬ್ಬರು ಬಿದ್ದಾಗಲೆಲ್ಲ ಶಲ್ಯ ಸರಿಮಾಡಿಕೊಂಡು ಉಬ್ಬಿದರು. ಜಟ್ಟಿಯ ವಿಷಯದಲ್ಲಿ ಮಗಳು ಹೇಳಿದ್ದು ನೆನಪಾಯಿತು: ಗದ್ದೆಯಲ್ಲಾದರೆ ಎರಡು ಗಂಡುಗಳ ಜಗಳ ಬಹಳ ಹೊತ್ತು ನಡೆಯುವುದಿಲ್ಲ, ಉಬ್ಬಿ ತೋರಿಸುತ್ತವೆ, ಸೋತದ್ದು ಓಡಿಹೋಗುತ್ತದೆ. ಕೊಲೆಯಾಗುವುದು ಓಡಲು ಜಾಗವಿಲ್ಲದ ಗಾಜಿನ ತೊಟ್ಟಿಯಲ್ಲಿ. ಕೆಫೆಟೇರಿಯಾ ದೊಡ್ಡದಾಗಿದ್ದದ್ದು ಒಳ್ಳೆಯದಾಯಿತು.

ಊಟದ ಮೇಜಿನ ಜವಾಬ್ದಾರಿ ಹೊತ್ತ ಆಂಟಿಯೊಬ್ಬರು ನಮ್ಮ ಹಾಟ್ ಬಾಕ್ಸ್ ಇಸಿದುಕೊಂಡು, ಮುಂದೆ ಒಂದು ಚೀಟಿ ಅಂಟಿಸಿದರು: ‘ಪುಳಿಯೋಗರೆ. ಈರುಳ್ಳಿ ಇಲ್ಲ, ಬೆಳ್ಳುಳ್ಳಿ ಇಲ್ಲ, ಕಡಲೆಕಾಯಿ ಇದೆ.’ ಸಾಲು ಶುರುವಾಯಿತು. ಸಾಲಿನ ಮೊದಲಿಗರು ಧಾರವಾಡದ ಕಡೆಯ ಒಬ್ಬ ಅಂಕಲ್. ಯಾವ ಕಾರ್ಯಕ್ರಮದಲ್ಲೂ ಭಾಷಣ ಮುಗಿಯುವ ಮುನ್ನವೇ ತಟ್ಟೆ ಹಿಡಿದು ನಿಲ್ಲುವವರು. ಮುಚ್ಚಳ ಎತ್ತಿದರು, ಟವೆಲ್ ಸರಿಸಿದರು, ಸೌಟು ಹಿಡಿದ ಕೈ ಅಲ್ಲೇ ನಿಂತಿತು.

‘ಏನ್ರೀ ಅಕ್ಕಾರ, ಪುಳಿಯೋಗರಿ ಅಂತ ಬರದೀರಿ. ಇದು ನನ್ನ ನೋಡಾಕತ್ತೈತಲ್ರೀ!’

ನಾನು ಓಡಿದೆ. ಸೌಟಿನ ಹೊಳಪಿನಲ್ಲಿ ತನ್ನ ಬಿಂಬ ಕಂಡು ಜಟ್ಟಿ ಕಿವಿರು ಬಿಚ್ಚಿ ನಿಂತಿದ್ದ.

‘ಸಿಟ್ಟಿಗೆದ್ದಾನ ನೋಡ್ರಿ!’ ಅಂಕಲ್ ಸೌಟನ್ನು ಹಿಂದಕ್ಕೆ ತೆಗೆದುಕೊಂಡು ಬಾಟಲಿಗೆ ಹೇಳಿದರು: ‘ಊಟಕ್ಕ ಬಂದೀನೋ ಮಾರಾಯಾ, ಹೊಡದಾಡಾಕ ಬಂದಿಲ್ಲ.’

ಚೀಟಿ ಅಂಟಿಸಿದ ಆಂಟಿ ಎದೆಯ ಮೇಲೆ ಕೈಯಿಟ್ಟುಕೊಂಡು, ‘ಈರುಳ್ಳಿ ಕೂಡ ಇಲ್ಲ ಅಂತ ಬರೆದ್ನಲ್ರೀ!’ ಎಂದರು.

ಆಮೇಲಿನ ಅರ್ಧ ಗಂಟೆ ನನಗೆ ಚೂರುಚೂರಾಗಿ ನೆನಪಿದೆ. ಗಂಡ ಮನೆಗೆ ಫೋನ್ ಮಾಡುತ್ತಿದ್ದರು, ಅತ್ತೆ ಎತ್ತಲಿಲ್ಲ. ಮಕ್ಕಳು ಬಾಟಲಿಯನ್ನು ಸ್ಟೇಜಿನ ಹತ್ತಿರ ಒಯ್ದು ಸುತ್ತ ಕೂತರು. ನಾನು ಇಪ್ಪತ್ತು ಜನರ ಪುಳಿಯೋಗರೆ ಎಲ್ಲಿ ಎಂಬುದಕ್ಕೆ ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಉತ್ತರ ಹೇಳಿದೆ. ಕೊನೆಗೆ ಬಾಟಲಿ ಕೈಗೆ ಬಂದಾಗ ನೋಡಿದರೆ, ನೀರಿನ ಮೇಲೆ ಒಂದು ಮೂಲೆಯಲ್ಲಿ ಸಾಬೂನಿನ ನೊರೆಯಂಥದು. ಬಾಟಲಿ ಸರಿಯಾಗಿ ತೊಳೆದಿಲ್ಲ ಎಂದು ಹೆದರಿದೆ. ಅದು ನೊರೆಯಲ್ಲ, ಗೂಡು. ಗಂಡು ಬೆಟ್ಟಾ ಬಾಯಿಂದ ಗುಳ್ಳೆ ಬಿಟ್ಟು, ಎಂಜಲಿನಿಂದ ಅಂಟಿಸಿ, ಮೊಟ್ಟೆಗಳಿಗೆಂದು ತೊಟ್ಟಿಲು ಕಟ್ಟುತ್ತದೆ. ಮೊಟ್ಟೆ ಉದುರಿದರೆ ಬಾಯಲ್ಲಿ ಎತ್ತಿ ವಾಪಸ್ ಇಡುವುದು, ಕಾವಲು ಕಾಯುವುದು ಎಲ್ಲ ಗಂಡಿನ ಕೆಲಸ. ಹೆಣ್ಣು ಹತ್ತಿರ ಇಲ್ಲದಿದ್ದರೂ ಕಟ್ಟುತ್ತದೆ. ಕನ್ನಡ ರಾಜ್ಯೋತ್ಸವದ ಮಧ್ಯೆ, ನಿಂಬೆ ಉಪ್ಪಿನಕಾಯಿ ಬಾಟಲಿಯಲ್ಲಿ, ಅವನು ಸಂಸಾರಕ್ಕೆ ತಯಾರಾಗುತ್ತಿದ್ದ.

ಮನೆಗೆ ಬಂದಾಗ ಕರೆಂಟ್ ಬಂದಿತ್ತು. ಅತ್ತೆ ಕಂಬಳಿಯೊಳಗೆ ಹಾಟ್ ಬಾಕ್ಸ್ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು. ಫೋನ್ ಎತ್ತಲು ಎದ್ದರೆ ಅವನಿಗೆ ಎಚ್ಚರವಾಗುತ್ತದೆಂದು ಎದ್ದಿರಲಿಲ್ಲ.

‘ಪಾಪ, ಬೆಚ್ಚಗೆ ಮಲಗಿದಾನೆ. ಮೂರು ಗಂಟೆಯಿಂದ ಒಂದು ಸಲಾನೂ ಅಲ್ಲಾಡ್ಲಿಲ್ಲ. ವಿಷ್ಣು ಸಹಸ್ರನಾಮ ಪೂರ್ತಿ ಕೇಳಿದ.’

ಆ ರಾತ್ರಿಯ ಊಟಕ್ಕೆ ಪುಳಿಯೋಗರೆ. ಮುಂದಿನ ಮೂರು ದಿನದ ಊಟಕ್ಕೂ.

ಇದನ್ನು ಮಗಳಿಗೆ ಹೇಳಲಿಲ್ಲ. ಅವಳು ಥ್ಯಾಂಕ್ಸ್‌ಗಿವಿಂಗ್ ರಜೆಗೆ ಬಂದಾಗ ಎದುರಿಗೇ ಹೇಳಿದರಾಯಿತು, ಮೀನು ಕಣ್ಣ ಮುಂದಿದ್ದರೆ ನಗುತ್ತಾಳೆ ಎಂದುಕೊಂಡೆ. ಮರುದಿನ ಭಾನುವಾರ ಇಪ್ಪತ್ತೇಳರಲ್ಲಿ ಹನ್ನೊಂದನೆಯದನ್ನೋ ಹನ್ನೆರಡನೆಯದನ್ನೋ ಕಳಿಸಿದೆ. ಮೂರು ಹೃದಯ ಬಂದವು.

ರಜೆಯ ಹಿಂದಿನ ದಿನ ಮಧ್ಯಾಹ್ನ ಮಗಳು ಬಂದಳು. ಬೂಟು ಬಿಚ್ಚಿದಳು, ಅಜ್ಜಿಯನ್ನು ತಬ್ಬಿಕೊಂಡಳು, ನೇರ ಊಟದ ಕೋಣೆಗೆ ಹೋಗಿ ತೊಟ್ಟಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತಳು. ಬಹಳ ಹೊತ್ತು ಏಳಲಿಲ್ಲ.

‘ಅಮ್ಮಾ, ಇದು ಯಾರು?’

‘ಯಾರು ಅಂದ್ರೆ? ನಿನ್ನ ಮೀನು.’

‘ನನ್ನ ಮೀನು ಬಿಳಿ.’

ಆಗ ನೋಡಿದೆ. ನೋಡಿದೆ ಎಂದರೆ, ಅವಳ ಕಣ್ಣಿನಿಂದ ನೋಡಿದೆ. ಜಟ್ಟಿ ಬಿಳಿಯಾಗಿರಲಿಲ್ಲ. ಕತ್ತಿನಿಂದ ಬಾಲದ ತುದಿಯವರೆಗೆ ಶಾಯಿಯ ನೀಲಿ. ಹೊಟ್ಟೆಯ ಹತ್ತಿರ ಮಾತ್ರ ಎರಡು ಬಿಳಿ ತೇಪೆ. ಇದು ಯಾವಾಗ ಆಯಿತು? ಪ್ರತಿದಿನ ಅವನ ಮುಂದೆ ಕೂತು ಕಾಫಿ ಕುಡಿದ ನನಗೆ ಗೊತ್ತಿಲ್ಲ. ಅಕ್ಟೋಬರಿನಲ್ಲಿ ಬಾಲ ಸ್ವಲ್ಪ ಗಾಢವಾಗಿದೆ ಅನ್ನಿಸಿತ್ತು. ಅಥವಾ ಹಾಗೆ ಅನ್ನಿಸಿತ್ತೆಂದು ಈಗ ಅನ್ನಿಸುತ್ತಿದೆ.

ಮಗಳು ಫೋನ್ ತೆಗೆದು ಹಿಡಿದಳು. ಅದರಲ್ಲಿ ಮೂರು ದಿನದ ಹಿಂದೆ, ಭಾನುವಾರ, ನಾನು ಕಳಿಸಿದ ಫೋಟೋ. ಹಾಲಿನಂಥ ಬಿಳಿ ಮೀನು.

‘ಭಾನುವಾರ ಬಿಳಿ, ಬುಧವಾರ ನೀಲಿ. ಅಂಗಡಿಗೆ ಯಾವಾಗ ಹೋದೆ, ಸೋಮವಾರಾನಾ ಮಂಗಳವಾರಾನಾ?’

ಅವಳ ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು. ಮೂರನೇ ಕ್ಲಾಸಿನ ಆ ಹುಡುಗಿ ಹೈಸ್ಕೂಲಿನಲ್ಲಿ, ನಾನು ಗೋಲ್ಡ್‌ಫಿಷ್ ವಿಷಯ ಹೇಳಿದಾಗ, ನಗದೆ ನಿಂತದ್ದು ಆಗ ನನಗೆ ನೆನಪಾಯಿತು, ಹಿಂದೆಂದೂ ನೆನಪಾಗಿರಲಿಲ್ಲ. ಮೀನು ಬದಲಾಯಿಸಿಲ್ಲ ಎಂದು ತೋರಿಸಬೇಕಾದರೆ ಫೋಟೋ ಹಳೆಯದು ಎಂದು ಒಪ್ಪಬೇಕು. ಫೋಟೋ ನಿಜ ಎಂದರೆ ಮೀನು ಸುಳ್ಳಾಗುತ್ತದೆ.

ಅತ್ತೆ ಬಟಾಣಿ ಸುಲಿಯುತ್ತ ಕೂತಲ್ಲಿಂದಲೇ ಹೇಳಿದರು:

‘ನಿಮ್ಮಮ್ಮ ಮೀನು ಬದಲಾಯಿಸಿಲ್ಲ ಪುಟ್ಟಿ. ಫೋಟೋ ಬದಲಾಯಿಸಿಲ್ಲ, ಅಷ್ಟೇ.’

ಅತ್ತೆಗೆ ಇದು ಗೊತ್ತಿತ್ತು ಎಂಬುದೇ ನನಗೆ ಗೊತ್ತಿರಲಿಲ್ಲ. ಆಮೇಲೆ ಎಲ್ಲವನ್ನೂ ಹೇಳಿದೆ: ಇಪ್ಪತ್ತೇಳು ಫೋಟೋ, ಕರೆಂಟ್, ಹಾಟ್ ಬಾಕ್ಸ್, ಸೌಟು ಹಿಡಿದ ಅಂಕಲ್. ಅಂಕಲ್ ಹತ್ತಿರ ಬಂದಾಗ ಅವಳ ತುಟಿ ಒಮ್ಮೆ ಅದುರಿತು, ಆದರೆ ನಗಲಿಲ್ಲ.

‘ಅಲ್ಲಿ ಅವನು ಪೂರ್ತಿ ನಿನ್ನ ಕಣ್ಣೆದುರಿಗೇ ಇದ್ನಾ?’

‘ಅರ್ಧ ಗಂಟೆ ಇರ್ಲಿಲ್ಲ’ ಎಂದೆ.

ಹೇಳಿದ ಕ್ಷಣದಿಂದ ನನಗೇ ಅನುಮಾನ ಶುರುವಾಯಿತು. ರಾಜ್ಯೋತ್ಸವಕ್ಕೆ ಇನ್ನೊಂದು ಬೆಟ್ಟಾ ಮೀನನ್ನು ಯಾರು ತಂದಿರುತ್ತಾರೆ? ಯಾರೂ ಇಲ್ಲ. ಆದರೆ ನಾನು ತಂದಿದ್ದೆನಲ್ಲ! ಇದು ಅವನೇ ಎಂದು ಆಣೆ ಮಾಡಿ ಹೇಳು ಎಂದಿದ್ದರೆ, ಆ ಹೊತ್ತಿನಲ್ಲಿ ನಾನು ಹೇಳುತ್ತಿರಲಿಲ್ಲ.

ಗಂಡ ಫೋನಿನಲ್ಲಿ ಹುಡುಕಿ ಓದಿದರು. ಬೆಟ್ಟಾಗಳಲ್ಲಿ ಮಾರ್ಬಲ್ ಎಂಬ ಬಗೆಯಿದೆಯಂತೆ. ಅವುಗಳ ಬಣ್ಣದ ವಂಶವಾಹಿಯಲ್ಲಿ ಒಂದು ತುಣುಕು ಇದ್ದಲ್ಲಿ ಇರದೆ ಜಾಗ ಬದಲಿಸುತ್ತಿರುತ್ತದೆ. ಹಾಗಾಗಿ ಬಿಳಿ ಇದ್ದದ್ದು ಕೆಲವೇ ವಾರಗಳಲ್ಲಿ ನೀಲಿಯಾಗಬಹುದು, ಮತ್ತೆ ಬಿಳಿಯೂ ಆಗಬಹುದು. ಮಗಳು ಎಲ್ಲವನ್ನೂ ಕೇಳಿ, ‘ಆಗಬಹುದು ಅನ್ನೋದು ಆಯ್ತು ಅನ್ನೋದಕ್ಕೆ ಪ್ರೂಫ್ ಅಲ್ಲ ಡ್ಯಾಡಿ’ ಎಂದಳು. ಇದು ನನ್ನ ರಕ್ತ. ಆ ಸಂಕಟದಲ್ಲೂ ಸ್ವಲ್ಪ ಹೆಮ್ಮೆಯಾಯಿತು.

‘ಅವನ ಗಂಟಲ ಕೆಳಗಿನ ಎರಡು ಉದ್ದ ರೆಕ್ಕೆ ಇದೆಯಲ್ಲ’ ಎಂದಳು ಮಗಳು ನಿಧಾನವಾಗಿ, ‘ಅದರಲ್ಲಿ ಎಡಗಡೇದು ಹುಟ್ಟಿನಿಂದಲೇ ಮೋಟು. ತುದಿ ಕೊಕ್ಕೆ ಥರ ಬಾಗಿದೆ.’

‘ಬಲಗಡೇದು’ ಎಂದೆ ನಾನು.

‘ಎಡ.’

‘ದಿನಾ ನೋಡೋಳು ನಾನು. ಬಲ.’

‘ದಿನಾ ನೋಡೋಳಿಗೆ ಬಣ್ಣ ಗೊತ್ತಾಗಲಿಲ್ಲ.’

ಮೀನಿನ ಎಡವೋ, ನೋಡುವವರ ಎಡವೋ ಎಂದು ಗಂಡ ಹೊಸದೊಂದು ಪ್ರಶ್ನೆ ಎತ್ತಿದರು. ಯಾರೂ ಅವರ ಕಡೆ ತಿರುಗಲಿಲ್ಲ. ನೆನಪನ್ನು ಬಿಟ್ಟು ಆಕರಕ್ಕೆ ಹೋಗಬೇಕಾಯಿತು. ನನ್ನ ಫೋನ್ ತೆಗೆದೆ. ನಾಚಿಕೆಗೇಡಿನ ಇಪ್ಪತ್ತೇಳು ಫೋಟೋಗಳು ಸಾಲಾಗಿ ಇದ್ದವು. ದೊಡ್ಡದು ಮಾಡಿ ನೋಡುತ್ತ ಹೋದೆವು. ಒಂಬತ್ತನೆಯದರಲ್ಲಿ ಅವನು ನೇರ ನಮ್ಮ ಕಡೆ ಮುಖ ಮಾಡಿದ್ದ. ಎರಡೂ ರೆಕ್ಕೆ ಸ್ಪಷ್ಟ. ಅವನ ಎಡಗಡೆಯದು ಮೋಟು, ತುದಿ ಕೊಕ್ಕೆ. ಮಗಳೇ ಸರಿ.

‘ಹಿಂದೆ ಗಾಜಲ್ಲಿ ಕಾಣೋದು ಕಡುಬಿನ ತಟ್ಟೆಯಾ?’ ಎಂದು ಮಗಳು ಇನ್ನೂ ದೊಡ್ಡದು ಮಾಡಿದಳು. ‘ಇದನ್ನ ನೀನು ಹ್ಯಾಲೋವೀನ್ ವಾರ ಕಳಿಸಿದ್ದೆ. ನಾನು ಫ್ರೆಂಡ್ಸಿಗೆಲ್ಲ ತೋರಿಸಿದ್ದೆ.’

ನಾನು ಬಟಾಣಿ ಸಿಪ್ಪೆ ಆರಿಸಿದೆ.

ಇನ್ನು ತೊಟ್ಟಿಯೊಳಗಿನವನನ್ನು ನಿಲ್ಲಿಸಬೇಕು. ಅವನು ನಿಲ್ಲುವವನಲ್ಲ, ಇಷ್ಟೊಂದು ಮುಖಗಳನ್ನು ಕಂಡು ಗಿಡದ ಹಿಂದೆ ಸೇರಿದ್ದ. ಅತ್ತೆ ಎದ್ದು ಹೋಗಿ ತಾವು ಕುಂಕುಮ ಇಟ್ಟುಕೊಳ್ಳುವ ಕೈಗನ್ನಡಿ ತಂದು ಗಾಜಿಗೆ ಹಿಡಿದರು. ‘ಬಾರೋ ಜಟ್ಟಿ, ನಿನ್ನ ಎದುರು ಪಾರ್ಟಿ ಬಂದಿದೆ.’

ಬಂದ. ಕಿವಿರು ಬಿಚ್ಚಿ, ಗಂಟಲ ಕೆಳಗಿನ ರೆಕ್ಕೆಗಳನ್ನು ಕತ್ತಿಯಂತೆ ಇಳಿಬಿಟ್ಟು, ನೀಲಿಯೆಲ್ಲ ಹೊತ್ತಿ ಉರಿಯುವ ಹಾಗೆ ನಿಂತ. ಮಗಳು ಟಾರ್ಚ್ ಹಾಕಿದಳು. ನಾಲ್ಕು ತಲೆಗಳು ಒಂದಕ್ಕೊಂದು ಡಿಕ್ಕಿ ಹೊಡೆದುಕೊಂಡು ಬಗ್ಗಿದವು. ನಾನು ನೋಡುತ್ತಿದ್ದದ್ದು ಬರೀ ಮೀನಿನ ರೆಕ್ಕೆಯನ್ನಲ್ಲ; ಮುಂದೆ ನಾನು ಫೋನಿನಲ್ಲಿ ‘ಎಲ್ಲ ಚೆನ್ನಾಗಿದೀವಿ’ ಎಂದಾಗ ಅವಳು ನಂಬುತ್ತಾಳೋ ಇಲ್ಲವೋ ಎಂಬುದು ಆ ಅರ್ಧ ಇಂಚಿನಲ್ಲಿ ಇತ್ತು.

ಎಡಗಡೆಯದು ಮೋಟು. ತುದಿ ಕೊಕ್ಕೆ.

‘ಇವನೇ’ ಎಂದಳು ಮಗಳು. ಕೂತಲ್ಲೇ ಹಿಂದಕ್ಕೆ ಒರಗಿ ನೆಲದ ಮೇಲೆ ಮಲಗಿಬಿಟ್ಟಳು. ನಗು ಶುರುವಾದದ್ದು ಆಗ. ‘ಸೌಟು’ ಎಂದಳು, ನಕ್ಕಳು. ‘ಈರುಳ್ಳಿ ಇಲ್ಲ’ ಎಂದಳು, ಮತ್ತೆ ನಕ್ಕಳು. ಈ ಸಲ ನಾವಿಬ್ಬರೂ ನಕ್ಕೆವು. ಅನುಮಾನ ಬಾರದಿರಲೆಂದು ಅವತ್ತಿನ ಡೈರಿಯಲ್ಲಿ ಅದನ್ನೇ ಮೊದಲು ಬರೆದು, ಅವಳಿಂದ ಪಕ್ಕದಲ್ಲಿ ಸಹಿ ಹಾಕಿಸಿಕೊಂಡಿದ್ದೇನೆ.

ನಗು ಇಳಿದ ಮೇಲೆ ಅವಳು ಛಾವಣಿ ನೋಡುತ್ತಲೇ ಕೇಳಿದಳು:

‘ಅಮ್ಮಾ, ಆ ಗೋಲ್ಡ್‌ಫಿಷ್. ಎಷ್ಟು ಸಲ ಬದಲಾಯಿಸಿದ್ದೆ?’

‘ಒಂದೇ ಸಲ.’

‘ಮೂರು’ ಎಂದರು ಗಂಡ, ಅಡುಗೆಮನೆಯಿಂದ. ‘ಡ್ರೈವ್ ಮಾಡಿದ್ದು ನಾನು.’

ಒಂದು ಎಂದು ನಾನು ಪ್ರಾಮಾಣಿಕವಾಗಿಯೇ ಹೇಳಿದ್ದೆ. ಇವತ್ತಿಗೂ ನನ್ನ ನೆನಪಿನಲ್ಲಿರುವುದು ಒಂದೇ. ಆದರೆ ಅವಳ ಮೂರನೇ ಕ್ಲಾಸಿನ ವರ್ಷದ ಡೈರಿಯಲ್ಲಿ ‘ಅಂಗಡಿಗೆ ಹೋಗಿದ್ದೆವು’ ಎಂದು ಮೂರು ಕಡೆ ಇದೆ. ಮೂರೂ ಬಹುವಚನದಲ್ಲಿ.

ಬೆಕ್ಕು ಇನ್ನೂ ಷಿಕಾಗೋ ಬಿಟ್ಟಿಲ್ಲವಾದ್ದರಿಂದ ಜಟ್ಟಿ ನಮ್ಮಲ್ಲೇ ಉಳಿದ. ಅದಕ್ಕೆ ಬೇರೆ ಕಾರಣವೇನೂ ಇಲ್ಲ ಎಂದು ಮಗಳು ಹೇಳಿದಳು, ನಾನು ನಂಬಿದೆ. ಹೊರಡುವ ಮುನ್ನ ಗೋಡೆಯ ಹಾಳೆಗೆ ಒಂದು ಸಾಲು ಸೇರಿಸಿದಳು. ಅದರ ಪ್ರಕಾರ ಈಗ ಪ್ರತಿ ಭಾನುವಾರ ಅತ್ತೆ ಮೈಸೂರಿನಿಂದ ತಂದ ಕ್ಯಾಲೆಂಡರಿನ ಆ ದಿನದ ಹಾಳೆಯನ್ನು ಹರಿದು ತೊಟ್ಟಿಯ ಹಿಂದೆ ಹಿಡಿಯುತ್ತಾರೆ. ತಾರೀಖು, ತಿಥಿ, ನಕ್ಷತ್ರ, ರಾಹುಕಾಲ ಎಲ್ಲ ಕಾಣುವ ಹಾಗೆ ನಾನು ಫೋಟೋ ತೆಗೆಯುತ್ತೇನೆ. ಭಾನುವಾರದ ಅಂಕಿ ಕೆಂಪು. ಅದನ್ನು ಇನ್ನೊಬ್ಬ ಜಟ್ಟಿಯೆಂದು ತಿಳಿದು ಅವನು ಕಿವಿರು ಬಿಚ್ಚಿ ನಿಲ್ಲುತ್ತಾನೆ, ಅಲುಗಾಡದೆ, ಪೂರ್ತಿ ಐದು ಸೆಕೆಂಡು. ಫೋಟೋ ಎಂದೂ ಇಷ್ಟು ಚೆನ್ನಾಗಿ ಬಂದಿರಲಿಲ್ಲ. ಕಳೆದ ವಾರದ್ದರಲ್ಲಿ ಬಾಲದ ಬುಡದಲ್ಲಿ ಸ್ವಲ್ಪ ಬಿಳಿ ಕಾಣುತ್ತಿದೆ. ಕಂಡ ತಕ್ಷಣ, ನೆನಪಿಗೆ ಬಿಡದೆ, ಮಗಳಿಗೆ ಫೋನ್ ಮಾಡಿ ಹೇಳಿದೆ.